ಊರಿಗೆ ಬರಲು ಒಲ್ಲೆ ಎನ್ನುವ ಮಗಳು: ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ಮನಸ್ಸಿನ ಕುರಿತು ತಿಳಿದವರು ಬರೆಯಬೇಕು

ಚಿತ್ತಾಪುರದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಏಳು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಇದೆಯೆಂದು ಕಳೆದ ದೀಪಾವಳಿಗೆ ಸ್ವಲ್ಪ ಮುಂಚೆ ತಿಳಿಯಿತು. ವೈದ್ಯರು ಬರೆದುಕೊಟ್ಟ ಹೆಸರು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು ಎಂದೂ, ಗುಣವಾಗುವ ಭರವಸೆ ಚೆನ್ನಾಗಿದೆ ಎಂದೂ, ಆದರೆ ಚಿಕಿತ್ಸೆಗೆ ಒಟ್ಟು 2ರಿಂದ 3 ವರ್ಷ ಹಿಡಿಯುತ್ತದೆ ಎಂದೂ ಅವರು ತಿಳಿಸಿದರು. ಮೊದಲ ತಿಂಗಳ ಚಿಕಿತ್ಸೆ ಮುಗಿದಿದೆ. ಈಗ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಹತ್ತು ಹನ್ನೆರಡು ದಿನ ಇದ್ದು ಮರಳುವ ಕ್ರಮ ನಡೆದಿದೆ.

ಮಗಳು ಸೂಜಿ ಕಂಡರೆ ಅಳುತ್ತಾಳೆ, ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಬಾಯಲ್ಲಿ ಹುಣ್ಣಾಗಿ ನೀರು ನುಂಗಲಾಗದ ದಿನಗಳನ್ನೂ ಹೇಗೋ ಕಳೆದಳು. ವಾರ್ಡಿನಲ್ಲಿ ಅವಳಿಗೆ ಒಂದು ಆಟವಿತ್ತು. ಔಷಧದ ಸೀಸೆಗಳ ಮೇಲಿನ ಬಣ್ಣಬಣ್ಣದ ಮುಚ್ಚಳಗಳನ್ನು ಸಿಸ್ಟರುಗಳು ತೊಳೆದು ಕೊಡುತ್ತಿದ್ದರು. ಅವನ್ನು ಕಾಯಿ ಮಾಡಿಕೊಂಡು ಪಕ್ಕದ ಮಂಚದ ಹುಡುಗನ ಜೊತೆ ಚೌಕಾಬಾರ ಆಡುತ್ತಿದ್ದಳು, ಕೆಂಪು ಇವಳದು, ಹಸಿರು ಅವನದು.

ನನಗೆ ತಿಳಿಯದಿರುವುದು ಬೇರೆ. ಬಿಡುಗಡೆಯ ದಿನ ಬಂತೆಂದರೆ ಮಂಚದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡು, "ನಾ ಊರಿಗಿ ಬರಲ್ಲ, ಇಲ್ಲೇ ಇರ್ತೀನಿ" ಎಂದು ಕಿರುಚುತ್ತಾಳೆ. ಕಳೆದ ಎರಡು ಸಲವೂ ಹೀಗೇ ಆಯಿತು. ಮೊದಲೆಲ್ಲ ಮನೆಗೆ ಹೋಗೋಣ ಎಂದು ತಾನೇ ಪೀಡಿಸುತ್ತಿದ್ದವಳು, ಈಗ ಆಸ್ಪತ್ರೆಯನ್ನು ಬಿಡಲು ಹೆದರುತ್ತಾಳೆ. ಊರು ಮುಟ್ಟಿದ ಮೇಲೂ ಎರಡು ದಿನ ಮಾತಿಲ್ಲ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ಅವಳಿಗೆ ರೋಗದ ಹೆಸರನ್ನು ನಾವು ಹೇಳಿಲ್ಲ. ರಕ್ತ ಕಡಿಮೆಯಾಗಿದೆ ಎಂದಷ್ಟೇ ಹೇಳಿದ್ದೇವೆ. ಕೂದಲು ಉದುರಿದಾಗ, ಗಾಣಗಾಪುರದ ಹರಕೆಯ ಜವಳ ತೆಗೆಸಿದೆವು ಎಂದು ನಮ್ಮ ಅತ್ತೆಯವರು ಓಣಿಯವರಿಗೂ ಹೇಳಿದರು, ಮಗುವಿಗೂ ಹೇಳಿದರು. ಇಂಥದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹುಮನಾಬಾದಿನ ಅಪ್ಪ

ಅಕ್ಕಾವರೇ, ಮೊದಲು ಸ್ಟಿರಾಯ್ಡ್ ಮಾತ್ರೆ ನಡೆಯುತ್ತಿದೆಯೇ ನೋಡಿ. ನನ್ನ ಮಗನಿಗೆ ಐದು ವರ್ಷ, ಹೈದರಾಬಾದಿನಲ್ಲಿ ಚಿಕಿತ್ಸೆ. ಆ ಮಾತ್ರೆಯ ವಾರಗಳಲ್ಲಿ ಅವನು ನಮ್ಮ ಹುಡುಗನೇ ಅಲ್ಲ ಎನ್ನುವಂತಾಗುತ್ತಾನೆ. ಮುಖ ಊದಿಕೊಳ್ಳುತ್ತದೆ, ನಿದ್ದೆ ಹಾರಿಹೋಗುತ್ತದೆ, ರಾತ್ರಿ ಮೂರು ಗಂಟೆಗೆ ಎದ್ದು ರೊಟ್ಟಿ ಬೇಕು, ಬ್ಯಾಳಿ ಬೇಕು ಎಂದು ಅಳುತ್ತಾನೆ, ತಟ್ಟೆ ಮುಂದಿಟ್ಟರೆ ಒದೆಯುತ್ತಾನೆ. ನಾನು ಒಂದು ಸಲ ಕೈ ಎತ್ತಿಬಿಟ್ಟಿದ್ದೆ. ಅದು ಮಗುವಿನ ಹಟವಲ್ಲ, ಔಷಧದ ಪರಿಣಾಮ ಎಂದು ಡಾಕ್ಟರು ತಿಳಿಸಿ ಹೇಳಿದ ಮೇಲೆ ಬಹಳ ಪಶ್ಚಾತ್ತಾಪವಾಯಿತು.

ಇನ್ನೊಂದು ವಿಷಯ, ಭಾಷೆಯದು. ಬೀದರ ಜಿಲ್ಲೆಯ ನಮ್ಮಂಥವರಿಗೆ ಹೈದರಾಬಾದು ಹತ್ತಿರ, ನನಗೆ ಉರ್ದುವೂ ಬರುತ್ತದೆ, ಆದರೆ ಮಗನಿಗೆ ಮನೆಯ ಕನ್ನಡ ಬಿಟ್ಟರೆ ಏನೂ ಬಾರದು. ಮೊದಲ ಹತ್ತು ದಿನ ಅವನ ಸುತ್ತ ಎಲ್ಲರೂ ತೆಲುಗಿನಲ್ಲಿ ಮಾತನಾಡುತ್ತಿದ್ದರು. ಅವನಿಗೆ ತನ್ನನ್ನು ಕುರಿತು ಏನು ನಡೆದಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಅವನು ಅಲ್ಲಿ ಕಲಿತ ಮೊದಲ ಮಾತು 'ನೊಪ್ಪಿ', ಅಂದರೆ ನೋವು. ಎರಡನೆಯದು 'ಅಯಿಪೋಯಿಂದಿ', ಅಂದರೆ ಮುಗಿಯಿತು. ಸೂಜಿ ಹೊರತೆಗೆದಾಗಲೆಲ್ಲ ಸಿಸ್ಟರ್ ಹಾಗೆನ್ನುತ್ತಿದ್ದರು. ಈಗ ಊರಿನಲ್ಲಿ ಸ್ನಾನ ಮುಗಿದರೂ, ಊಟ ಮುಗಿದರೂ ಅವನು "ಅಯಿಪೋಯಿಂದಿ" ಎಂದು ಚಪ್ಪಾಳೆ ತಟ್ಟುತ್ತಾನೆ.

ಪ್ರಯಾಣದ ಆಯಾಸವನ್ನೂ ಮರೆಯಬೇಡಿ. ಆಸ್ಪತ್ರೆಯವರು ಕೊಡುವ ಪ್ರಮಾಣಪತ್ರವಿದ್ದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿ ಬೋಗಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಬಿಳಿ ರಕ್ತಕಣ ಕಡಿಮೆಯಿರುವ ಮಗುವನ್ನು ಜನರಲ್ ಬೋಗಿಯ ನೂಕುನುಗ್ಗಲಿನಲ್ಲಿ ಕರೆದೊಯ್ಯಬಾರದು. ನಾವು ಇದನ್ನು ತಿಳಿಯದೆ ಮೂರು ತಿಂಗಳು ಬಸ್ಸಿನಲ್ಲೇ ಅಲೆದೆವು.

ಮಕ್ಕಳ ವಾರ್ಡಿನ ಸಿಸ್ಟರ್, ಕಲಬುರಗಿ

ಚಿತ್ತಾಪುರದ ಅಕ್ಕನವರಿಗೆ, ಹಾಸಿಗೆ ಒದ್ದೆಯಾಗುವುದಕ್ಕೆ ಬೈಯಬೇಡಿ. ಕಾಯಿಲೆ ಬಿದ್ದ ಮಕ್ಕಳು ಎರಡು ಮೂರು ವರ್ಷ ಹಿಂದಕ್ಕೆ ಹೋದಂತೆ ನಡೆದುಕೊಳ್ಳುವುದುಂಟು: ಬೆರಳು ಚೀಪುತ್ತಾರೆ, ಎತ್ತಿಕೋ ಎನ್ನುತ್ತಾರೆ, ತೊದಲು ಮಾತನಾಡುತ್ತಾರೆ. ಧೈರ್ಯ ಬಂದಂತೆ ಅದು ತಾನೇ ಹೋಗುತ್ತದೆ.

ಆಸ್ಪತ್ರೆ ಬಿಡಲು ಹೆದರುವುದು ಮಾತ್ರ ಸ್ವಲ್ಪ ಅಪರೂಪ. ಮನೆಯಲ್ಲಿ ಜ್ವರ ಬಂದರೇನು ಗತಿ ಎಂದು ನೀವು ದೊಡ್ಡವರು ಮಾತನಾಡಿಕೊಂಡಿದ್ದನ್ನು ಅವಳು ಕೇಳಿಸಿಕೊಂಡಿರಬಹುದು. ಆ ಭಯಕ್ಕೆ ಕಾರಣವಿದೆಯೆನ್ನಿ. ಈ ಚಿಕಿತ್ಸೆಯಲ್ಲಿರುವ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಬೆಳಗಾಗಲಿ ಎಂದು ಕಾಯದೆ, ಪ್ಯಾರಾಸಿಟಮಾಲ್ ಹಾಕಿ ಮಲಗಿಸದೆ, ಹತ್ತಿರದ ದೊಡ್ಡ ಆಸ್ಪತ್ರೆಗೆ ಫೈಲಿನ ಸಮೇತ ಓಡಬೇಕು. ಅದನ್ನು ಮಗುವಿಗೆ ಹೆದರಿಕೆಯಾಗದಂತೆ ಹೇಳಬಹುದು: ಮೈ ಬೆಚ್ಚಗಾದರೆ ನಾವು ಗಾಡಿ ತೆಗೆದುಕೊಂಡು ಹೋಗುತ್ತೇವೆ, ಯಾವ ಆಸ್ಪತ್ರೆಗೆ ಹೋಗಬೇಕೆಂದು ಅಪ್ಪನಿಗೆ ಗೊತ್ತಿದೆ, ಎಂದು.

ಸೂಜಿಯ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ನಾನು ಹೆಚ್ಚು ನೊಂದಿರುವುದು ಅಲ್ಲಿಯೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಗುವನ್ನು ಮಂಚದ ಮೇಲೆ ಅಂಗಾತ ಮಲಗಿಸಿ ನಾಲ್ಕು ಜನ ಕೈಕಾಲು ಅದುಮಿ ಹಿಡಿಯುತ್ತಿದ್ದೆವು, ಅದೇ ರೂಢಿಯಾಗಿತ್ತು. ಅಂಗಾತ ಮಲಗಿದ ಮಗುವಿಗೆ ಕಾಣುವುದು ತನ್ನ ಮೇಲೆ ಬಾಗಿದ ಮುಖಗಳು ಮಾತ್ರ. ಅದೇ ಮಗುವನ್ನು ತಾಯಿಯ ತೊಡೆಯ ಮೇಲೆ, ಎದೆಗೆ ಎದೆ ಆನಿಸಿ ಕೂರಿಸಿಕೊಂಡು, ತಾಯಿಯ ಬಗಲಿನಿಂದ ಕೈಯನ್ನು ಹೊರಗೆ ತೆಗೆಸಿದರೆ ಒಬ್ಬರು ಹಿಡಿದರೆ ಸಾಕು. ಸಾಧ್ಯವಿದ್ದಲ್ಲಿ ಸೂಜಿಯ ಕೆಲಸವನ್ನು ಮಗು ಮಲಗುವ ಮಂಚದ ಮೇಲೆ ಮಾಡಬಾರದು, ಬೇರೆ ಕೋಣೆಗೆ ಕರೆದೊಯ್ಯಬೇಕು. ತನ್ನ ಮಂಚದ ಮೇಲೆ ಯಾರೂ ಚುಚ್ಚುವುದಿಲ್ಲ ಎಂಬ ನಂಬಿಕೆ ಇದ್ದರೆ ಮಗು ರಾತ್ರಿ ನಿದ್ದೆ ಮಾಡುತ್ತದೆ. ಚರ್ಮ ಜೋಮು ಹಿಡಿಸುವ ಮುಲಾಮು ಸಿಗುತ್ತದೆ. ವೈದ್ಯರನ್ನು ಕೇಳಿ, ಚುಚ್ಚುವುದಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಮುಚ್ಚಬೇಕು. ಹತ್ತು ನಿಮಿಷ ಮುಂಚೆ ಹಚ್ಚಿದರೆ ಹಚ್ಚಿದ ಸಮಾಧಾನವಷ್ಟೇ.

ಇನ್ನು ಮಾತು. "ಏನೂ ಆಗಲ್ಲ, ಇರುವೆ ಕಚ್ಚಿದಂಗ" ಎನ್ನುವವರೇ ಹೆಚ್ಚು. ಒಮ್ಮೆ ಚುಚ್ಚಿಸಿಕೊಂಡ ಮಗುವಿಗೆ ಇರುವೆ ಯಾವುದು, ಸೂಜಿ ಯಾವುದು ಎಂದು ಗೊತ್ತು. ನೋವಾಗುತ್ತದೆ, ನೀನು ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ, ಅಳಬೇಕೆನಿಸಿದರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ, ಎಂದರೆ ಸಾಕು. ಚುಚ್ಚಲೋ ಬೇಡವೋ ಎಂದು ಕೇಳುವುದು ಮೋಸ, ಏಕೆಂದರೆ ಬೇಡವೆಂದರೂ ನಾವು ಬಿಡುವುದಿಲ್ಲ. ಎಡಗೈಯೋ ಬಲಗೈಯೋ ಎಂದು ಕೇಳಬಹುದು. ಕೆಂಪು ಬಣ್ಣದ ಔಷಧ ಹಾಕಿದ ದಿನ ಮೂತ್ರವೂ ಕೆಂಪಗಾಗುತ್ತದೆ. ಮುಂಚೆಯೇ ಹೇಳದಿದ್ದರೆ ಮಗು ರಕ್ತವೆಂದು ಹೆದರಿ, ಆಮೇಲೆ ನೀರು ಕುಡಿಯುವುದನ್ನೇ ಬಿಡುತ್ತದೆ. ಅಂಥದ್ದನ್ನು ನಾನು ನೋಡಿದ್ದೇನೆ.

ನಮ್ಮ ಮನೆಗಳಲ್ಲಿ ಊಟ ಮಾಡದಿದ್ದರೆ ಡಾಕ್ಟರ್ ಬಂದು ಸೂಜಿ ಹಾಕುತ್ತಾರೆ ಎಂದು ಹೆದರಿಸುವ ರೂಢಿಯಿದೆಯಲ್ಲ, ಅದರ ಫಲವನ್ನು ನಾವು ವಾರ್ಡಿನಲ್ಲಿ ಕಾಣುತ್ತೇವೆ. ನಾಲ್ಕೈದು ವರ್ಷದ ಮಕ್ಕಳು ಕಾಯಿಲೆಯನ್ನು ತಮಗೆ ಕೊಟ್ಟ ಶಿಕ್ಷೆಯೆಂದೇ ತಿಳಿಯುತ್ತಾರೆ. ಒಬ್ಬ ಹುಡುಗ, ತಾನು ಮಣ್ಣು ತಿನ್ನುವುದನ್ನು ಬಿಟ್ಟಿದ್ದೇನೆ, ಇನ್ನಾದರೂ ಸೂಜಿ ನಿಲ್ಲಿಸಬೇಕು ಎಂದು ನನ್ನ ಕೈ ಹಿಡಿದು ಕೇಳಿದ್ದ. ನೀನು ಏನೂ ತಪ್ಪು ಮಾಡಿಲ್ಲ ಎಂಬ ಒಂದು ಮಾತನ್ನು ಮಗು ಕೇಳದಿದ್ದರೂ ಹೇಳಬೇಕು, ಮತ್ತೆ ಮತ್ತೆ ಹೇಳಬೇಕು.

ಸೇಡಂ ಕಡೆಯ ಸೋದರಮಾವ

ಸಿಸ್ಟರ್ ಹೇಳಿದ್ದನ್ನು ಗೌರವಿಸುತ್ತೇನೆ, ಆದರೆ ಎಲ್ಲವನ್ನೂ ಮಗುವಿಗೆ ಹೇಳಬೇಕೆಂಬುದನ್ನು ಒಪ್ಪಲಾರೆ. ನನ್ನ ತಂಗಿಯ ಮಗಳಿಗೆ ಚಿಕಿತ್ಸೆಯಾಗುತ್ತಿದೆ. ಕ್ಯಾನ್ಸರ್ ಎಂಬ ಮಾತನ್ನು ನಾವು ಮನೆಯಲ್ಲಿ ಯಾರೂ ಆಡುವುದಿಲ್ಲ. ಆ ಹೆಸರು ಕೇಳಿದರೆ ದೊಡ್ಡವರ ಎದೆಯೇ ಒಡೆಯುತ್ತದೆ, ಹೂವಿನಂಥ ಮಗು ಹೇಗೆ ತಾಳೀತು? ಜೊತೆಗೆ ಹೆಣ್ಣುಮಗು. ಇಂದು ಅವಳ ಬಾಯಿಂದ ಒಂದು ಮಾತು ಹೊರಬಿದ್ದರೆ, ಹದಿನೈದು ವರ್ಷದ ಮೇಲೆ ವರನ ಕಡೆಯವರು ಅದನ್ನೇ ಹಿಡಿದು ಕೂರುತ್ತಾರೆ. ನಮ್ಮ ಹಳ್ಳಿಗಳನ್ನು ಬಲ್ಲವರು ನನ್ನ ಮಾತನ್ನು ತಳ್ಳಿಹಾಕಲಾರರು.

ಯಾದಗಿರಿಯ ವಿದ್ಯಾರ್ಥಿನಿ

ಮಾವನವರೇ, ನಿಮ್ಮ ಸೊಸೆಗೆ ಓದಲು ಬರುತ್ತದೆಯೇ? ನನಗೆ ಬರುತ್ತಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಇದೇ ಕಾಯಿಲೆಯಾದಾಗ ನನ್ನ ಮನೆಯವರೂ ಹೀಗೆಯೇ ಮುಚ್ಚಿಟ್ಟರು. ಆಸ್ಪತ್ರೆಯ ಗೇಟಿನ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದಿತ್ತು. ಆಟೋದಿಂದ ಇಳಿಯುವಾಗಲೇ ಮನಸ್ಸಿನಲ್ಲಿ ಕೂಡಿಸಿ ಓದಿಕೊಂಡೆ. ಕ್ಯಾ, ನ್ಸ, ರ್. ಆ ಮೇಲೆ ಅಪ್ಪ, ಅವ್ವ ಇಬ್ಬರೂ ಏನೂ ಹೇಳದೆ ಇದ್ದುದರಿಂದ, ಇದು ಹೇಳಲಾರದಷ್ಟು ಕೆಟ್ಟದ್ದು ಎಂದು ನಾನೇ ತೀರ್ಮಾನಿಸಿಕೊಂಡೆ. ಅವ್ವ ಬಚ್ಚಲಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬರುತ್ತಿದ್ದಳು. ನಾನು ಅವಳ ಮುಂದೆ ಗೊತ್ತಿಲ್ಲದವಳಂತೆ ನಟಿಸುತ್ತಿದ್ದೆ. ಐದು ತಿಂಗಳು ನಾವಿಬ್ಬರೂ ಒಬ್ಬರನ್ನೊಬ್ಬರು ಕಾಪಾಡಿಕೊಂಡೆವು, ಇಬ್ಬರೂ ಒಂಟಿಯಾಗಿದ್ದೆವು.

ಹೇಳಿದವರು ಕೊನೆಗೆ ಒಬ್ಬ ಡಾಕ್ಟರ್ ಮೇಡಂ. ಹೊಲದ ಉದಾಹರಣೆ ಕೊಟ್ಟರು. ನಿನ್ನ ಎಲುಬಿನೊಳಗೆ ರಕ್ತ ಬೆಳೆಯುವ ಹೊಲವಿದೆ, ಅಲ್ಲಿ ಕಸ ಎದ್ದು ತೊಗರಿಯನ್ನು ಅಡಗಿಸಿಬಿಟ್ಟಿದೆ, ನಾವು ಕಸಕ್ಕೆ ಔಷಧ ಹೊಡೆಯುತ್ತಿದ್ದೇವೆ, ಹೊಡೆದಾಗ ಒಳ್ಳೆಯ ಬೆಳೆಯೂ ಸ್ವಲ್ಪ ಬಾಡುತ್ತದೆ, ಅದಕ್ಕೇ ಕೂದಲು ಹೋಯಿತು, ಬಾಯಿ ಹುಣ್ಣಾಯಿತು. ಕಸ ಕಣ್ಣಿಗೆ ಕಾಣದಿದ್ದರೂ ಬೇರು ಉಳಿದಿರಬಹುದು, ಆದ್ದರಿಂದ 2 ವರ್ಷ ಬಿಡದೆ ನೋಡಿಕೊಳ್ಳಬೇಕು, ಎಂದರು. ಒಕ್ಕಲುತನದ ಮನೆಯ ಹುಡುಗಿ ನಾನು, ಅಷ್ಟು ಸಾಕಾಯಿತು. ಆ ರಾತ್ರಿ ಹೊಟ್ಟೆತುಂಬ ಊಟ ಮಾಡಿದೆ ಎಂದು ಅವ್ವ ಈಗಲೂ ಹೇಳುತ್ತಾಳೆ. ಈಗ ನನಗೆ ಹತ್ತೊಂಬತ್ತು, ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಮದುವೆಯ ಮಾತನ್ನು ನಾನೇ ನೋಡಿಕೊಳ್ಳುತ್ತೇನೆ, ಮಾವನವರು ಚಿಂತಿಸಬಾರದು.

ಚಿತ್ತಾಪುರದ ಅಕ್ಕಾ, ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ, ತಪ್ಪು ತಿಳಿಯಬೇಡಿ. ಪಕ್ಕದ ಮಂಚದ ಹುಡುಗ ಈಗ ಎಲ್ಲಿದ್ದಾನೆ? ಅವನು ಇಲ್ಲದಾಗ ಮಗಳಿಗೆ ನೀವು ಏನೆಂದು ಹೇಳಿದಿರಿ?

ನಿವೃತ್ತ ಶಿಕ್ಷಕ, ಶಹಾಪುರ

ತಾಯಿಯವರೇ, ಶಾಲೆಯನ್ನು ಮರೆಯಬೇಡಿ. ನನ್ನ ನಾಲ್ಕನೆಯ ತರಗತಿಯಲ್ಲಿ ಇಂಥ ಒಬ್ಬ ಹುಡುಗನಿದ್ದ. ಅವನು ಟೋಪಿ ಹಾಕಿಕೊಂಡು ಮರಳಿ ಬಂದ ದಿನ ಪಕ್ಕದಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಅಂಟುತ್ತದೆ ಎಂದು ಮನೆಯಲ್ಲಿ ಹೇಳಿ ಕಳಿಸಿದ್ದರು. ಇದು ಅಂಟುರೋಗವಲ್ಲ, ಬದಲಿಗೆ ನಿಮ್ಮ ನೆಗಡಿ, ನಿಮ್ಮ ಸೀತಾಳೆ ಸಿಡುಬುಗಳೇ ಅವನಿಗೆ ಅಂಟಿದರೆ ಅಪಾಯ ಎಂದು ಮಕ್ಕಳಿಗೆ ತಿರುಗಿಸಿ ಹೇಳಿದೆ. ತರಗತಿಯಲ್ಲಿ ಯಾರಿಗಾದರೂ ಗೋವರ ಅಥವಾ ಸೀತಾಳೆ ಸಿಡುಬು ಕಾಣಿಸಿದರೆ ಅದೇ ದಿನ ಅವನ ತಂದೆಗೆ ಫೋನ್ ಮಾಡುತ್ತಿದ್ದೆ, ಅವರು ಕೂಡಲೇ ಡಾಕ್ಟರರನ್ನು ಕೇಳುತ್ತಿದ್ದರು.

ನಮ್ಮ ಶಾಲೆಯ ಕಂಪೌಂಡಿನ ಬುಡದಲ್ಲಿ ನಿತ್ಯಪುಷ್ಪದ ಗಿಡಗಳಿದ್ದವು. ಈ ಮಕ್ಕಳಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ತೆಗೆಯುವುದು ಆ ಗಿಡದಿಂದಲೇ ಎಂದು ನಾನು ಪಾಠದ ನಡುವೆ ಹೇಳಿದೆ. ಮರುದಿನದಿಂದ ಗಿಡಗಳಿಗೆ ನೀರು ಹಾಕಲು ಪಾಳಿ ಹಚ್ಚಿಕೊಂಡರು. ಒಬ್ಬಳಂತೂ ಎಲೆ ಅರೆದು ಡಬ್ಬಿಯಲ್ಲಿ ತಂದು ಅವನಿಗೆ ಕುಡಿಸಲು ಹೊರಟಿದ್ದಳು. ಹಸಿ ಎಲೆ ವಿಷ ಎಂದು ಕಸಿದುಕೊಳ್ಳಬೇಕಾಯಿತು. ಕಾರ್ಖಾನೆಯಲ್ಲಿ ಶುದ್ಧಮಾಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವ ಮದ್ದು ಅದು, ಅದರಿಂದಲೇ ಮಕ್ಕಳಿಗೆ ಮಲಬದ್ಧತೆ, ದವಡೆ ನೋವು, ಕಾಲಿನ ಸೋಲು ಬರುತ್ತವೆ. ನಾಟಿ ಔಷಧವೆಂದು ಎಲೆ ತಿನ್ನಿಸುವವರು ಇದನ್ನು ಓದಲಿ ಎಂದು ಬರೆದೆ.

ಇದೇ ಮಕ್ಕಳು ಬಳಸುವ ಮೆಥೋಟ್ರೆಕ್ಸೇಟ್ ಇದೆಯಲ್ಲ, ಅದು ಮತ್ತು ಅದಕ್ಕೂ ಮುಂಚಿನ ಅಮಿನೋಪ್ಟೆರಿನ್ ಅಮೆರಿಕದಲ್ಲಿ ಸಿದ್ಧವಾದದ್ದು ಯಲ್ಲಾಪ್ರಗಡ ಸುಬ್ಬರಾವ್ ಎಂಬ ನಮ್ಮ ನೆರೆಯ ಆಂಧ್ರದವರ ಪ್ರಯೋಗಾಲಯದಲ್ಲಿ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ನಿನಿಂದ ಮಕ್ಕಳ ರಕ್ತದ ಕ್ಯಾನ್ಸರ್ ಕೆಲಕಾಲ ಹಿಂಜರಿಯುತ್ತದೆಂದು 1948ರಲ್ಲಿ ತೋರಿಸಿದರು. ಅದಕ್ಕೆ ಮುಂಚೆ ಆ ರೋಗಕ್ಕೆ ಮದ್ದೇ ಇರಲಿಲ್ಲ. ಮೇಷ್ಟ್ರ ಚಟ, ಪಾಠ ಉದ್ದವಾಯಿತು, ಕ್ಷಮಿಸಿ.

ಮಕ್ಕಳ ವಾರ್ಡಿನ ಸಿಸ್ಟರ್, ಕಲಬುರಗಿ

ಸೇಡಂ ಕಡೆಯ ಅಣ್ಣನವರ ಭಯ ನನಗೆ ಅರ್ಥವಾಗುತ್ತದೆ. ಆ ಹೆಸರೆಂದರೆ ಸಾವು ಎಂದು ನಾವು ದೊಡ್ಡವರಲ್ಲಿ ಕಂಡದ್ದನ್ನೇ ಮಕ್ಕಳಿಗೂ ಹಚ್ಚುತ್ತೇವೆ. ಅನುಕೂಲವಿರುವ ದೇಶಗಳಲ್ಲಿ ಕ್ಯಾನ್ಸರಾದ ಮಕ್ಕಳ ಪೈಕಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಜಗತ್ತಿನ ಎಲ್ಲ ಕಡೆಯೂ 2030ರ ವೇಳೆಗೆ ಕನಿಷ್ಠ ಶೇ. 60 ಮಕ್ಕಳಾದರೂ ಬದುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು. ನಮ್ಮ ಕಡೆ ಹಲವು ಮಕ್ಕಳು ಕೈತಪ್ಪುವುದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದರಿಂದ. ಕೂದಲು ಬಂತು, ಮೈ ತುಂಬಿತು, ಇನ್ನೇಕೆ ಮಾತ್ರೆ ಎಂದು ನಿಲ್ಲಿಸುತ್ತಾರೆ. ಕೊನೆಯ ಹಂತದಲ್ಲಿ ಪ್ರತಿ ರಾತ್ರಿ ಮನೆಯಲ್ಲೇ ನುಂಗಬೇಕಾದ ಆ ಮಾತ್ರೆ ಏತಕ್ಕೆಂದು ಹತ್ತು ವರ್ಷದ ಮಗುವಿಗೆ ಗೊತ್ತಿದ್ದರೆ, ಅಪ್ಪ ಮರೆತ ದಿನ ಅದೇ ಕೇಳಿ ಪಡೆಯುತ್ತದೆ.

ಸೇಡಂ ಕಡೆಯ ಸೋದರಮಾವ

ಹೊಲದ ಮಾತನ್ನು ತಂಗಿಗೆ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಒಮ್ಮೆ ಆ ಡಾಕ್ಟರರ ಹತ್ತಿರವೇ ಕೇಳೋಣ ಎಂದಳು. ನನ್ನ ಅಭಿಪ್ರಾಯವನ್ನು ಇನ್ನೂ ಬದಲಿಸಿಲ್ಲ.

ಚಿತ್ತಾಪುರದ ತಾಯಿ

ತಂಗೀ, ನಿನ್ನ ಪ್ರಶ್ನೆಯನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಉತ್ತರ ಬರೆಯಲು ಹದಿನೈದು ದಿನ ಬೇಕಾಯಿತು.

ಆ ಹುಡುಗ ತೀರಿಕೊಂಡ. ಒಂದು ಸಂಜೆ ಜ್ವರ ಏರಿ ಐಸಿಯುಗೆ ಒಯ್ದರು, ಮರುದಿನ ಬೆಳಿಗ್ಗೆ ಮಂಚದ ಹಾಸಿಗೆ ಬದಲಾಗಿತ್ತು. ಮಗಳು ಎದ್ದು, ಅವನೆಲ್ಲಿ ಎಂದು ಕೇಳಿದಳು. ನಾನು, ಸಿಸ್ಟರ್, ಆ ವಾರ್ಡಿನ ಎಲ್ಲ ತಾಯಂದಿರೂ ಒಂದೇ ಮಾತು ಹೇಳಿದೆವು: ಅವನು ಊರಿಗೆ ಹೋದ.

ನಾನು ಎಷ್ಟು ಕುರುಡಿಯಾಗಿದ್ದೆ! ಅವನು ಊರಿಗೆ ಹೋದ, ಮತ್ತೆ ಬರಲೇ ಇಲ್ಲ, ಅವನ ತಾಯಿ ಹೋಗುವಾಗ ನೆಲಕ್ಕೆ ಬಿದ್ದು ಅತ್ತಳು. ಮೂರು ದಿನದ ಮೇಲೆ ನಾನು ನಗುನಗುತ್ತ ಬಂದು ಮಗಳ ಚೀಲ ತುಂಬುತ್ತ, "ನಡಿ, ನಾವೂ ಊರಿಗಿ ಹೋಗಮು" ಎಂದಿದ್ದೆ.

ಕಳೆದ ಗುರುವಾರ ಅಡುಗೆಮನೆಯಲ್ಲಿ ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ. ಆ ಹುಡುಗ ಊರಿಗೆ ಹೋಗಲಿಲ್ಲ, ತೀರಿಕೊಂಡ, ಡಾಕ್ಟರುಗಳು ಬಹಳ ಪ್ರಯತ್ನಪಟ್ಟರು, ನಾನು ನಿನಗೆ ಸುಳ್ಳು ಹೇಳಿದ್ದೆ, ತಪ್ಪಾಯಿತು, ಎಂದೆ. ನಾವು ಊರಿಗೆ ಬಂದಾಗ ನಿಜವಾಗಿಯೂ ಊರಿಗೇ ಬರುತ್ತೇವೆ, ನೋಡು ಇದು ನಮ್ಮ ಮನೆ, ಎಂದೆ. ಅವಳು ಬಹಳ ಹೊತ್ತು ರೊಟ್ಟಿ ಬಡಿಯುವ ಹಲಗೆಯ ಮೇಲಿನ ಹಿಟ್ಟಿನಲ್ಲಿ ಬೆರಳಾಡಿಸುತ್ತ ಕುಳಿತಳು. ಆಮೇಲೆ, "ನನಗ ಗೊತ್ತಿತ್ತು. ನಿನಗ ಹೇಳಿದ್ರ ಅಳ್ತಿ ಅಂತ ಸುಮ್ಮನಿದ್ದೆ" ಎಂದಳು. ತನ್ನ ಕಾಯಿಲೆಯ ಹೆಸರನ್ನೂ ಅವಳೇ ಹೇಳಿದಳು, ನಾನು ಹೇಳಬೇಕಾಗಿ ಬರಲಿಲ್ಲ. ನಾನೂ ಸಾಯುತ್ತೇನಾ ಎಂದು ಕೇಳಿದಾಗ ಮಾತ್ರ ನನ್ನ ಗಂಟಲು ಕಟ್ಟಿತು. ಡಾಕ್ಟರ್ ಹೇಳಿದ್ದನ್ನೇ ಹೇಳಿದೆ: ನಿನಗೆ ಕೊಡುತ್ತಿರುವ ಔಷಧ ಚೆನ್ನಾಗಿ ಕೆಲಸ ಮಾಡುತ್ತಿದೆ, ಗುಣವಾಗಬೇಕೆಂದೇ ಎಲ್ಲರೂ ದುಡಿಯುತ್ತಿದ್ದಾರೆ, ಏನೇ ಬದಲಾದರೂ ನಿನಗೆ ಮೊದಲು ತಿಳಿಸುತ್ತೇನೆ.

ಪಾಟಿಚೀಲದ ಒಳಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿ ಅವನ ನಾಲ್ಕು ಹಸಿರು ಮುಚ್ಚಳಗಳಿದ್ದವು. ಅವನು ಬಂದರೆ ಬೇಕಾಗುತ್ತವೆ ಎಂದು ಇಷ್ಟು ದಿನ ಕಾಯ್ದಿಟ್ಟಿದ್ದಳಂತೆ. ಅವನ್ನು ಏನು ಮಾಡಬೇಕೆಂದು ನನ್ನನ್ನು ಕೇಳಿದಳು. ನೀನೇ ಯೋಚಿಸು ಎಂದೆ. ಮತ್ತೆ ಕಟ್ಟಿ ಅಲ್ಲೇ ಇಟ್ಟುಕೊಂಡಳು.

ನಮ್ಮ ಅತ್ತೆಯವರಿಗೂ ಒಂದು ಪಾಠವಾಯಿತು. ಪಕ್ಕದ ಮನೆಯವರು ತಲೆ ನೇವರಿಸಿ ಜವಳ ಯಾವಾಗ ಆಯಿತು ಎಂದು ಕೇಳಿದರೆ, ಇವಳು ಹೊಸ್ತಿಲಲ್ಲಿ ನಿಂತು, "ಜವಳ ಅಲ್ರಿ, ಔಷಧಕ್ಕ ಉದುರ್ಯಾವ, ಮತ್ತ ಬರ್ತಾವ" ಎಂದುಬಿಟ್ಟಳು. ಅತ್ತೆಯವರು ಒಳಗಿನಿಂದ ಏನೂ ಮಾತನಾಡಲಿಲ್ಲ.

ಸೋಮವಾರ ರಾತ್ರಿ ಮತ್ತೆ ಹೊರಡಬೇಕು. ಈ ಸಲ ಬೆನ್ನಿನ ಸೂಜಿಯೂ ಇದೆ. ಸಿಸ್ಟರ್, ಆ ಮುಲಾಮನ್ನು ಬೆನ್ನಿಗೂ ಹಚ್ಚಬಹುದೇ?

ಮಕ್ಕಳ ವಾರ್ಡಿನ ಸಿಸ್ಟರ್, ಕಲಬುರಗಿ

ಹಚ್ಚಬಹುದು ಅಕ್ಕಾ, ಆದರೆ ಜಾಗವನ್ನು ಅವರೇ ತೋರಿಸಲಿ. ಅವಳು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಮುಂಚೆಯೇ ತೋರಿಸಿ, ಕೆಲವು ಮಾತ್ರೆಗಳ ಜೊತೆ ಆ ಮುಲಾಮು ಹೊಂದುವುದಿಲ್ಲ. ಅರಿವಳಿಕೆ ಕೊಡುವುದಾದರೆ ಎಷ್ಟು ಗಂಟೆಯಿಂದ ಊಟ, ನೀರು ನಿಲ್ಲಿಸಬೇಕೆಂದು ಮೊದಲೇ ಕೇಳಿಕೊಂಡು ಅವಳಿಗೂ ಹೇಳಿಬಿಡಿ. ಮುಗಿದ ಮೇಲೆ ಅವರು ಹೇಳಿದಷ್ಟು ಹೊತ್ತು ಮಲಗಿಯೇ ಇರಬೇಕು, ಕೆಲವು ಮಕ್ಕಳಿಗೆ ಆಮೇಲೆ ತಲೆನೋವು ಬರುವುದುಂಟು. ಚೌಕಾಬಾರದ ಹಲಗೆಯನ್ನು ಜೊತೆಗೆ ಒಯ್ಯಿರಿ, ಮಲಗಿಕೊಂಡೇ ಆಡಬಹುದು.

ಚಿತ್ತಾಪುರದ ತಾಯಿ

ಆಗಲೇ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಸುರಪುರದ ಕಡೆಯ ಹೊಸ ಹುಡುಗನೊಬ್ಬ ಬಂದಿದ್ದಾನೆಂದು ಅಲ್ಲಿಂದ ಫೋನಿನಲ್ಲಿ ತಿಳಿಯಿತು. ಅವನಿಗೆ ನೀಲಿ ಮುಚ್ಚಳ ಕೊಡುತ್ತಾಳಂತೆ.